ಹಳೇ ಫರ್ನೆಸ್, ಹಳೇ ಎಸಿ: ಕೊಟೇಶನ್‌ಗೆ ಸಹಿ ಹಾಕುವ ಮುಂಚೆ ಮನೆಯ ಲೆಕ್ಕ ಹಾಕಿ

ಪ್ರಶ್ನೆ: ನಮ್ಮ ಊರು ಶಿವಮೊಗ್ಗ. ಈಗಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. 1994ರಲ್ಲಿ ಕಟ್ಟಿದ ಎರಡಂತಸ್ತಿನ ಮನೆ, 2,200 ಚದರಡಿ. ಬೇಸ್‌ಮೆಂಟಿನಲ್ಲಿ ಮನೆ ಕಾಯಿಸುವ ಅಂದಿನದೇ ಗ್ಯಾಸ್ ಫರ್ನೆಸ್ ಇದೆ, ಗಂಟೆಗೆ 1,00,000 ಬಿಟಿಯುದ್ದು (ಬಿಟಿಯು ಅಂದರೆ ಶಾಖದ ಅಳತೆ). ಹೊರಗಿರುವ ಎಸಿ 4 ಟನ್, 2003ರದ್ದು. ಹೋದ ಬೇಸಿಗೆಯಲ್ಲಿ ಅದರ ಗ್ಯಾಸ್ ಸೋರಿಹೋಯಿತು. ಎರಡನ್ನೂ ಒಟ್ಟಿಗೆ ಬದಲಾಯಿಸೋಣ ಅಂತ ಮೂವರಿಂದ ಕೊಟೇಶನ್ ತೆಗೆದುಕೊಂಡೆ. ಮೊದಲನೆಯವರದು ಅದೇ ಅಳತೆಯ 80 ಪರ್ಸೆಂಟ್ ಫರ್ನೆಸ್, 4 ಟನ್ ಎಸಿ: 11,500 ಡಾಲರ್. ಎರಡನೆಯವರದು 80,000 ಬಿಟಿಯು, 96 ಪರ್ಸೆಂಟ್ ಫರ್ನೆಸ್, 3.5 ಟನ್ ಎಸಿ: 15,800. ಮೂರನೆಯವರು ಗ್ಯಾಸ್ ಪೂರ್ತಿ ತೆಗೆದು 4 ಟನ್ ಹೀಟ್ ಪಂಪ್ (ಕರೆಂಟಿನಲ್ಲಿ ತಂಪನ್ನೂ ಬಿಸಿಯನ್ನೂ ಕೊಡುವ ಯಂತ್ರ), ಜೊತೆಗೆ 15 ಕಿಲೋವ್ಯಾಟ್ ಹೀಟ್ ಸ್ಟ್ರಿಪ್ (ಕರೆಂಟಿನ ಹೀಟರ್ ಸುರುಳಿ) ಹಾಕುತ್ತೇನೆ ಅನ್ನುತ್ತಾರೆ: 21,000. ಮೇಲಿನ ಬೆಡ್‌ರೂಮುಗಳು ಬೇಸಿಗೆಯಲ್ಲಿ ಕಾದ ಬಾಣಲೆ, ಚಳಿಗಾಲದಲ್ಲಿ ತಣ್ಣಗೆ. ಅಪ್ಪ ಅಮ್ಮ ವರ್ಷದಲ್ಲಿ ಆರು ತಿಂಗಳು ಇಲ್ಲೇ ಇರುತ್ತಾರೆ, ಅವರಿಗೆ ಯಾವಾಗಲೂ ಚಳಿ. ಜನವರಿಯ ಗ್ಯಾಸ್ ಬಿಲ್ 215 ಥರ್ಮ್, ಜುಲೈನಲ್ಲಿ 25. ಎಲ್ಲ ಚಾರ್ಜ್ ಸೇರಿ ಗ್ಯಾಸ್ ಥರ್ಮ್‌ಗೆ 1.40 ಡಾಲರ್, ಕರೆಂಟ್ ಯೂನಿಟ್‌ಗೆ 24 ಸೆಂಟ್. ಯಾವುದನ್ನು ಆರಿಸಲಿ? ಯಾವ ಬ್ರ್ಯಾಂಡ್ ಒಳ್ಳೆಯದು?

ಉತ್ತರ: ಬಿಲ್‌ನ ಅಂಕಿ ಕೊಟ್ಟಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಸಾಮಾನ್ಯವಾಗಿ ನನಗೆ ಬರುವ ಪ್ರಶ್ನೆಯಲ್ಲಿ ಬ್ರ್ಯಾಂಡ್ ಹೆಸರು ಇರುತ್ತದೆ, ಬೆಲೆ ಇರುತ್ತದೆ, ಮನೆಯ ಬಗ್ಗೆ ಒಂದಕ್ಷರ ಇರುವುದಿಲ್ಲ. ಮೂರು ಕೊಟೇಶನ್‌ನಲ್ಲೂ ಅದೇ ತಪ್ಪಿದೆ. ಮೂವರೂ ಹಳೇ ಡಬ್ಬದ ಮೇಲಿನ ಸ್ಟಿಕ್ಕರ್ ನೋಡಿ ಬರೆದುಕೊಂಡು ಹೋಗಿದ್ದಾರೆ. ಮನೆಯನ್ನು ಅಳೆದವರು ಯಾರೂ ಇಲ್ಲ. ನಿಮ್ಮ ಮನೆಗೆ ಎಷ್ಟು ಶಾಖ ಬೇಕು ಅಂತ ನಾವೇ ಲೆಕ್ಕ ಹಾಕೋಣ. ಪೆನ್ನು, ಕಾಗದ ಸಾಕು.

ಜನವರಿಯಲ್ಲಿ 215 ಥರ್ಮ್. ಅದರಲ್ಲಿ ಸ್ನಾನದ ನೀರು, ಅಡುಗೆಯದ್ದು ಸುಮಾರು 25. ಜುಲೈ ಬಿಲ್ ಅದನ್ನೇ ಹೇಳುತ್ತದೆ. ಉಳಿದ 190 ಥರ್ಮ್ ಮನೆ ಕಾಯಿಸಲು ಹೋಗಿದೆ. ಒಂದು ಥರ್ಮ್ ಅಂದರೆ 1,00,000 ಬಿಟಿಯು. ನಿಮ್ಮ ಹಳೇ ಫರ್ನೆಸ್ 80 ಪರ್ಸೆಂಟಿನದು ಅಂದುಕೊಂಡರೆ, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಚಿಮಣಿಯಲ್ಲಿ ಹೋಗುತ್ತದೆ ಅಂದುಕೊಂಡರೆ, ಮನೆಯೊಳಗೆ ಬಂದದ್ದು 1 ಕೋಟಿ 52 ಲಕ್ಷ ಬಿಟಿಯು. ಜನವರಿಯ 744 ಗಂಟೆಗಳಿಗೆ ಹಂಚಿದರೆ ಗಂಟೆಗೆ ಸರಾಸರಿ 20,400.

ಈಗ ಹೊರಗಿನ ಚಳಿ. ಆ ತಿಂಗಳ ಸರಾಸರಿ 33 ಡಿಗ್ರಿ ಫ್ಯಾರನ್‌ಹೀಟ್ ಇತ್ತು ಅಂತಿಟ್ಟುಕೊಳ್ಳಿ. ನಿಜವಾದ ಅಂಕಿ ಹವಾಮಾನದ ಆ್ಯಪ್‌ನಲ್ಲಿ ಸಿಗುತ್ತದೆ, ಹಾಕಿ ನೋಡಿ. ಹೊರಗೆ 65 ಡಿಗ್ರಿ ಇರುವವರೆಗೆ ಮನೆಗೆ ಹೀಟರ್ ಬೇಕಾಗುವುದಿಲ್ಲ. ಒಳಗಿರುವ ಜನ, ಒಲೆ, ಫ್ರಿಜ್, ಕಿಟಕಿಯಿಂದ ಬರುವ ಬಿಸಿಲು ಇವೇ ಅಷ್ಟು ಬೆಚ್ಚಗಿಡುತ್ತವೆ. ಹಾಗಾಗಿ 65ರಿಂದ 33 ಕಳೆದರೆ 32. 20,400ನ್ನು 32ರಿಂದ ಭಾಗಿಸಿದರೆ ಸುಮಾರು 638. ಹೊರಗೆ ಒಂದೊಂದು ಡಿಗ್ರಿ ಇಳಿದಾಗಲೂ ನಿಮ್ಮ ಮನೆಗೆ ಗಂಟೆಗೆ ಇನ್ನೊಂದು 638 ಬಿಟಿಯು ಬೇಕು ಅಂತ ಅರ್ಥ. ಎಡಿಸನ್ ಕಡೆ ಹೀಟಿಂಗ್ ಲೆಕ್ಕ ಹಾಕುವಾಗ ಹಿಡಿಯುವ ಚಳಿ 10ರಿಂದ 15 ಡಿಗ್ರಿ. 12 ಅಂತ ಹಿಡಿಯಿರಿ. 65ರಿಂದ 12 ಕಳೆದರೆ 53. 53 ಗುಣಿಸು 638, ಗಂಟೆಗೆ ಸುಮಾರು 34,000 ಬಿಟಿಯು.

ನಿಮ್ಮ ಬೇಸ್‌ಮೆಂಟಿನಲ್ಲಿರುವುದು ಗಂಟೆಗೆ 1,00,000 ಉರಿಸಿ 80,000 ಕೊಡುವ ಯಂತ್ರ. ಮೂಳೆ ಕೊರೆಯುವ ರಾತ್ರಿಗೂ ಬೇಕಾದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ! ಹಾಗಿದ್ದೂ ಮೇಲಿನ ರೂಮು ತಣ್ಣಗಿದೆ, ಅಪ್ಪ ಅಮ್ಮನಿಗೆ ಚಳಿ. ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡೂ ಹೀಗೆ ಯಾಕೆ?

ನೀವು ಮಲೆನಾಡಿನವರು, ಬಚ್ಚಲೊಲೆ ನೋಡಿರುತ್ತೀರಿ. ಒಣಗಿದ ಅಡಿಕೆ ಸೋಗೆ ತುರುಕಿದರೆ ಭಗ್ಗನೆ ಹತ್ತಿ, ಬಚ್ಚಲಮನೆಯೆಲ್ಲ ಬೆಳಕಾಗಿ, ಐದು ನಿಮಿಷದಲ್ಲಿ ಬೂದಿ. ಹಂಡೆಯ ನೀರು ಮೇಲೆ ಮೇಲೆ ಬೆಚ್ಚಗಾಗಿರುತ್ತದೆ ಅಷ್ಟೆ. ಅದೇ ಒಂದು ದಪ್ಪ ಕುಂಟೆ ಇಟ್ಟು ಬಿಟ್ಟರೆ ಸಣ್ಣಗೆ ಉರಿಯುತ್ತಾ ಇರುತ್ತದೆ, ಬೆಳಗಿನವರೆಗೂ ನೀರು ಸುಡುತ್ತಿರುತ್ತದೆ. ನಿಮ್ಮ ಫರ್ನೆಸ್ ಸೋಗೆ ಒಲೆ. ನಾಲ್ಕೈದು ನಿಮಿಷ ಭರ್‍ರೆಂದು ಬಿಸಿಗಾಳಿ ಊದುತ್ತದೆ, ಕೆಳಗಿನ ಹಾಲ್‌ನಲ್ಲಿರುವ ಥರ್ಮೋಸ್ಟಾಟ್ ಸಾಕು ಅನ್ನುತ್ತದೆ, ನಿಂತುಬಿಡುತ್ತದೆ. ಆ ಹೊತ್ತಿಗೆ ಮೇಲಿನ ಕೊನೇ ರೂಮಿಗೆ ಗಾಳಿ ಒಯ್ಯುವ ಡಕ್ಟ್ ಇನ್ನೂ ಬಿಸಿಯಾಗಿರುವುದಿಲ್ಲ. ಗೋಡೆ, ನೆಲ ತಣ್ಣಗೇ ಇರುತ್ತವೆ. ಗಾಳಿ ಎಪ್ಪತ್ತು ಡಿಗ್ರಿ ಇದ್ದರೂ ಪಕ್ಕದ ಗೋಡೆ ತಣ್ಣಗಿದ್ದರೆ ವಯಸ್ಸಾದವರಿಗೆ ಚಳಿಯೇ ಆಗುತ್ತದೆ.

ಹಾಗಾಗಿ ಮೊದಲನೇ ಕೊಟೇಶನ್ ಬಿಡಿ. ಅಗ್ಗ ನಿಜ, ಆದರೆ ಮೂವತ್ತು ವರ್ಷದ ಹಳೇ ತಪ್ಪನ್ನು ಹೊಸ ತಗಡಿನಲ್ಲಿ ಮಾಡಿಕೊಡುತ್ತಾರೆ. ಎರಡನೆಯವರ 80,000 ಕೂಡ ಜಾಸ್ತಿಯೇ. 96 ಪರ್ಸೆಂಟಿನ ಯಂತ್ರವಾದರೆ 40,000 ಬಿಟಿಯುದ್ದು 38,400 ಕೊಡುತ್ತದೆ, ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಧೈರ್ಯ ಸಾಲದಿದ್ದರೆ 60,000ದ ಟೂ ಸ್ಟೇಜ್, ಅಂದರೆ ಸಣ್ಣ ಉರಿ ದೊಡ್ಡ ಉರಿ ಎರಡೂ ಇರುವುದನ್ನು ಹಾಕಿಸಿ. ಅದು ಹೆಚ್ಚಿನ ದಿನ ಸಣ್ಣ ಉರಿಯಲ್ಲೇ ನಡೆಯುತ್ತದೆ, ನಿಮ್ಮ ಕುಂಟೆ ಒಲೆಯ ಹಾಗೆ. ಅದಕ್ಕಿಂತ ಮೇಲೆ ಹೋಗುವುದು ಬೇಡ. 'ಸೇಫ್ಟಿಗೆ ಇರಲಿ ಸಾರ್' ಅಂತ ಒಂದು ಸೈಜ್ ಮೇಲೆ ಬರೆಯುವವರೇ ಜಾಸ್ತಿ, ಕೇಳಬೇಡಿ.

ಎಸಿ ವಿಷಯದಲ್ಲಿ ಈ ತಪ್ಪು ಇನ್ನೂ ಕೆಟ್ಟದು. ನನ್ನದೇ ಕಥೆ ಹೇಳುತ್ತೇನೆ. ಹೊಸದಾಗಿ ಮನೆ ಕೊಂಡಾಗ, ಇದೇ ಕೆಲಸದಲ್ಲಿದ್ದೂ, ಹಾಕುವವನ ಮಾತು ಕೇಳಿ 3 ಟನ್ ಸಾಕಾಗುವ ಮನೆಗೆ 4 ಟನ್ ಹಾಕಿಸಿದೆ. 'ಊರಲ್ಲಿ ಒಂದು ರೂಮಿಗೇ ಒಂದೂವರೆ ಟನ್ ಹಾಕುತ್ತಾರೆ, ಇಡೀ ಮನೆಗೆ ನಾಲ್ಕು ಎಷ್ಟರ ಮಾತು' ಅಂತ ಮನಸ್ಸಿನಲ್ಲಿ ಬೇರೆ. ಮೊದಲ ಜುಲೈ ಬಂತು. ಥರ್ಮೋಸ್ಟಾಟ್ 72 ತೋರಿಸುತ್ತಿತ್ತು, ಮೈಯೆಲ್ಲ ಅಂಟು ಅಂಟು. ಹೆಂಡತಿ ಕರಿದಿಟ್ಟ ಹಪ್ಪಳ ಊಟ ಮುಗಿಯುವುದರೊಳಗೆ ಮೆತ್ತಗಾಗುತ್ತಿತ್ತು. ಉಪ್ಪಿನ ಡಬ್ಬದಲ್ಲಿ ಗಡ್ಡೆ. ಅಡುಗೆಮನೆಯ ಹಪ್ಪಳ ಹೇಳಿದ ಮೇಲೆ ನನಗೆ ಬುದ್ಧಿ ಬಂದದ್ದು.

ಎಸಿ ಮಾಡುವುದು ಎರಡು ಕೆಲಸ: ತಂಪು ಮಾಡುವುದು, ಗಾಳಿಯ ನೀರು ತೆಗೆಯುವುದು. ನೀರು ತೆಗೆಯಬೇಕಾದರೆ ಒಳಗಿನ ಕಾಯಿಲ್ ಚೆನ್ನಾಗಿ ತಣ್ಣಗಾಗಿ, ಅದರ ಮೇಲೆ ನೀರು ಕೂತು, ತೊಟ್ಟಿಕ್ಕಿ, ಪೈಪಿನಲ್ಲಿ ಹರಿದು ಹೋಗಬೇಕು. ಅದಕ್ಕೆ ಯಂತ್ರ ಒಂದೇ ಸಮ ಓಡಬೇಕು. ದೊಡ್ಡ ಎಸಿ ಎಂಟು ಹತ್ತು ನಿಮಿಷದಲ್ಲಿ ತಂಪು ಮಾಡಿ ನಿಲ್ಲುತ್ತದೆ. ಕಾಯಿಲ್ ಮೇಲೆ ಕೂತಿದ್ದ ನೀರು ಮತ್ತೆ ಆವಿಯಾಗಿ ಮನೆಗೇ ವಾಪಸ್ಸು. ಅಂದ ಹಾಗೆ, ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಮೊದಲ ಎಸಿ ವಿನ್ಯಾಸ ಮಾಡಿದ್ದು ಮನುಷ್ಯರಿಗೆ ತಂಪಾಗಲಿ ಅಂತ ಅಲ್ಲ. ನಿಮಗೆ ಹತ್ತಿರದ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯ ಇತ್ತು. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವ ತೆಗೆಯಲು ಮಾಡಿದ್ದು.

ಊರಿನ ಒಂದೂವರೆ ಟನ್‌ಗೂ ಇಲ್ಲಿನ ಮೂರು ಟನ್‌ಗೂ ಹೋಲಿಕೆ ಸಲ್ಲದು. ಅಲ್ಲಿ ತಾರಸಿಗೆ ಇನ್ಸುಲೇಶನ್ ಇಲ್ಲ, ಕಾಂಕ್ರೀಟು ಇಡೀ ದಿನ ಕಾದು ರಾತ್ರಿಯೆಲ್ಲ ಒಳಗೆ ಶಾಖ ಬಿಡುತ್ತದೆ. ಇಲ್ಲಿ ಗೋಡೆ, ಅಟ್ಟ ಎರಡರಲ್ಲೂ ಹತ್ತಿ ತುಂಬಿದ ಹಾಗೆ ಇನ್ಸುಲೇಶನ್ ಇರುತ್ತದೆ. ನಿಮ್ಮ ಮನೆಗೆ ಎಷ್ಟು ಟನ್ ಅನ್ನುವುದನ್ನು ಕಿಟಕಿಗಳ ದಿಕ್ಕು ನೋಡದೆ ನಾನು ಇಲ್ಲಿಂದ ಹೇಳುವುದು ತಪ್ಪು. ಆದರೆ ಹೀಟಿಂಗ್‌ನ ಅಂಕಿ ನೋಡಿದರೆ ಎರಡೂವರೆಯಿಂದ ಮೂರು ಟನ್ ಆಸುಪಾಸಿನಲ್ಲಿ ಬರಬೇಕು. ನಾಲ್ಕು ಖಂಡಿತ ಬೇಡ ಅನ್ನಿಸುತ್ತದೆ. ಕೊಟೇಶನ್ ಕೊಡುವವರಿಗೆ ಒಂದೇ ಮಾತು ಕೇಳಿ: 'ಮ್ಯಾನ್ಯುಯಲ್ ಜೆ ಮಾಡಿಕೊಡ್ತೀರಾ?' ಒಂದೊಂದು ರೂಮಿನ ಗೋಡೆ, ಕಿಟಕಿ, ಇನ್ಸುಲೇಶನ್ ಅಳೆದು ಎಷ್ಟು ತಂಪು, ಎಷ್ಟು ಬಿಸಿ ಬೇಕು ಅಂತ ಲೆಕ್ಕ ಹಾಕುವ ಕ್ರಮ ಅದು. ಟೇಪು ತೆಗೆದುಕೊಂಡು ರೂಮು ರೂಮು ಸುತ್ತುವವರು ಸಿಕ್ಕರೆ ಸಾವಿರ ಡಾಲರ್ ಜಾಸ್ತಿ ಕೇಳಿದರೂ ಅವರನ್ನೇ ಹಿಡಿಯಿರಿ. 'ಐನೂರು ಚದರಡಿಗೆ ಒಂದು ಟನ್' ಅನ್ನುವವರನ್ನು ಕಾಫಿ ಕೊಟ್ಟು ಕಳಿಸಿ.

ಈಗ ಯಾರೂ ಮಾತಾಡದ ವಿಷಯ: ಡಕ್ಟ್. ಎಸಿಗೆ ಟನ್ನಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಬೇಕು. ಇದನ್ನೇ 400 ಸಿಎಫ್‌ಎಂ ಅನ್ನುವುದು. ನಾಲ್ಕು ಟನ್‌ಗೆ 1,600. ನಿಮ್ಮ ಫರ್ನೆಸ್ ಪಕ್ಕ ಹೋಗಿ ಫಿಲ್ಟರ್ ಎಳೆದು ಅಳತೆ ನೋಡಿ. ಅಂಚಿನಲ್ಲೇ ಅಚ್ಚಾಗಿರುತ್ತದೆ. ಆ ಕಾಲದ ಮನೆಗಳಲ್ಲಿ ನಾನು ಜಾಸ್ತಿ ನೋಡಿರುವುದು 16 ಇಂಚು, 25 ಇಂಚು, ದಪ್ಪ ಒಂದೇ ಇಂಚು. ಅಂದರೆ ಮೂರು ಚದರಡಿಯೂ ಇಲ್ಲ. ಅದರೊಳಗೆ 1,600 ಸಿಎಫ್‌ಎಂ ಎಳೆದರೆ ಗಾಳಿ ನಿಮಿಷಕ್ಕೆ 575 ಅಡಿ ವೇಗದಲ್ಲಿ ನುಗ್ಗಬೇಕು. ಮುನ್ನೂರರ ಆಸುಪಾಸಿನಲ್ಲಿದ್ದರೆ ಚೆನ್ನ. ಗಾಳಿ ಊದುವ ಬ್ಲೋವರ್‌ಗೆ ಉಸಿರು ಕಟ್ಟುತ್ತದೆ. ಒಳಗೆ ಹೋಗುವ ಗಾಳಿಯೇ ಸಾಲದಿದ್ದರೆ ಮೇಲಿನ ರೂಮಿಗೆ ಎಲ್ಲಿಂದ ಬರಬೇಕು? ಕೆಲವರು ಇದರ ಮೇಲೆ ಅಲರ್ಜಿಗೆ ಒಳ್ಳೇದು ಅಂತ ಮರ್ವ್ 13ರ, ಅಂದರೆ ತುಂಬಾ ಸೂಕ್ಷ್ಮ ದೂಳನ್ನೂ ಹಿಡಿಯುವ ಫಿಲ್ಟರ್ ಬೇರೆ ತುರುಕುತ್ತಾರೆ. ಮೂಗಿಗೆ ಕಂಬಳಿ ಹೊದಿಸಿದ ಹಾಗೆ.

ಪರೀಕ್ಷೆ ಸುಲಭ. ಬ್ಲೋವರ್ ಓಡುವಾಗ ಫಿಲ್ಟರ್ ಎಳೆದು ತೆಗೆಯಿರಿ, ಒಂದೇ ನಿಮಿಷ. ಸದ್ದು ಥಟ್ಟನೆ ಬದಲಾಗಿ, ಮೇಲಿನ ರೂಮಿನ ಜಾಲರಿಯಲ್ಲಿ ಗಾಳಿ ಜೋರಾದರೆ ಉಸಿರುಕಟ್ಟಿದ್ದು ಖಾತ್ರಿ. ಬಂದವರ ಹತ್ತಿರ ಒತ್ತಡ ಅಳೆಯುವ ಮ್ಯಾನೋಮೀಟರ್ ಇದ್ದರೆ ಡಕ್ಟ್‌ನೊಳಗಿನ ಗಾಳಿಯ ಒತ್ತಡ, ಅಂದರೆ ಸ್ಟ್ಯಾಟಿಕ್ ಪ್ರೆಶರ್, ಅಳೆಯಲು ಹೇಳಿ. ಹೆಚ್ಚಿನ ಫರ್ನೆಸ್‌ಗಳಿಗೆ ಅರ್ಧ ಇಂಚು ನೀರಿನಷ್ಟು ಒತ್ತಡ ಲೆಕ್ಕ. ಹಳೇ ಮನೆಗಳಲ್ಲಿ ಅದರ ಎರಡು ಪಟ್ಟು ಕಂಡಿದ್ದೇನೆ. ಮೂರು ಟನ್‌ಗೆ ಇಳಿದು, 20ಕ್ಕೆ 25 ಇಂಚಿನ, ನಾಲ್ಕು ಇಂಚು ದಪ್ಪದ ಫಿಲ್ಟರ್ ಪೆಟ್ಟಿಗೆ ಹಾಕಿಸಿದರೆ ವೇಗ 350ಕ್ಕೆ ಬರುತ್ತದೆ. ಮೇಲಿನ ಪ್ಯಾಸೇಜಿನಲ್ಲಿ ಗಾಳಿ ವಾಪಸ್ಸು ಎಳೆಯುವ ಇನ್ನೊಂದು ರಿಟರ್ನ್ ಜಾಲರಿ ಕೊಡಿಸಲು ಸಾಧ್ಯವಾ ಕೇಳಿ. ಬೇಸ್‌ಮೆಂಟಿನಲ್ಲಿ ಕಾಣುವ ಡಕ್ಟ್ ಜೋಡಣೆಗಳಿಗೆಲ್ಲ ಮ್ಯಾಸ್ಟಿಕ್ ಬಳಿಯಲಿ. ಬೂದು ಬಣ್ಣದ ಗಂಜಿ ಅದು, ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಬಟ್ಟೆಯ ಡಕ್ಟ್ ಟೇಪು ಹೆಸರಿಗೆ ಮಾತ್ರ, ಡಕ್ಟ್‌ಗೆ ನಿಲ್ಲುವುದಿಲ್ಲ.

ಬೆಡ್‌ರೂಮಿನ ಬೇಸಿಗೆಯ ಬೇಗೆಗೆ ಅರ್ಧ ಕಾರಣ ಅಟ್ಟ. ಏಣಿ ಹಾಕಿ ಅಟಿಕ್‌ನಲ್ಲಿ ತಲೆ ತೂರಿಸಿ, ಒಂದು ಸ್ಕೇಲು ಚುಚ್ಚಿ ನೋಡಿ. ಇನ್ಸುಲೇಶನ್ ಆರಿಂಚು ಇದ್ದರೆ ಇವತ್ತಿನ ಲೆಕ್ಕಕ್ಕೆ ಅರ್ಧವೂ ಅಲ್ಲ. ಈಗ ಒಂದಡಿಗಿಂತ ಜಾಸ್ತಿ ಹಾಕುತ್ತಾರೆ. ಮೊದಲು ವೈರು, ಪೈಪು ಹಾದುಹೋಗುವ ತೂತುಗಳನ್ನು ಮುಚ್ಚಿಸಿ, ಆಮೇಲೆ ಮೇಲೆ ಇನ್ಸುಲೇಶನ್ ಊದಿಸಿ. ಈ ಕೆಲಸ ಯಂತ್ರಕ್ಕಿಂತ ಮೊದಲು ಆಗಲಿ. ಆಮೇಲೆ ಮಾಡಿಸಿದರೆ ಕೊಂಡ ಯಂತ್ರ ದೊಡ್ಡದಾಗಿಬಿಡುತ್ತದೆ.

ಹೀಟ್ ಪಂಪ್‌ಗೆ ಬರೋಣ. ಈಗ ಎಲ್ಲರ ಬಾಯಲ್ಲೂ ಇದೇ. ಏನೂ ಮಾಯವಿಲ್ಲ, ಎಸಿಯನ್ನೇ ಹಿಂದುಮುಂದು ಓಡಿಸುವುದು. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬಿಸಿಯಾಗಿರುತ್ತದಲ್ಲ, ಆ ಬಿಸಿ ಒಳಗಿಟ್ಟ ಸಾರು ಅನ್ನದಿಂದ ಎಳೆದು ತಂದದ್ದು. ಹಾಗೆಯೇ ಹೊರಗಿನ ಚಳಿ ಗಾಳಿಯಿಂದಲೂ ಶಾಖ ಎಳೆದು ಒಳಗೆ ಬಿಡಬಹುದು. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಕೇಳಲು ಚೆನ್ನ. ಆದರೆ ನಿಮ್ಮ ರೇಟಿಗೆ ಹಾಕಿ ನೋಡಿ.

ಮನೆಯೊಳಗೆ 1,00,000 ಬಿಟಿಯು ಶಾಖ ತರಬೇಕು. 96 ಪರ್ಸೆಂಟಿನ ಗ್ಯಾಸ್ ಫರ್ನೆಸ್‌ನಲ್ಲಿ ಅದಕ್ಕೆ 1.46 ಡಾಲರ್. ಒಂದು ಯೂನಿಟ್ ಕರೆಂಟಿನಲ್ಲಿ 3,412 ಬಿಟಿಯು. ಹಾಗಾಗಿ ಅದೇ ಶಾಖಕ್ಕೆ ಸುಮಾರು 29.3 ಯೂನಿಟ್. ಬರೀ ಹೀಟ್ ಸ್ಟ್ರಿಪ್‌ನಲ್ಲಿ ಕಾಯಿಸಿದರೆ 7 ಡಾಲರ್. ಒಂದಕ್ಕೆ ಮೂರು ಕೊಡುವ ಹೀಟ್ ಪಂಪ್ ಆದರೆ 2.34. ಗ್ಯಾಸಿಗೆ ಸಮ ಆಗಬೇಕಾದರೆ ಒಂದಕ್ಕೆ ಐದರ ಹತ್ತಿರ ಕೊಡಬೇಕು. ಜನವರಿಯ ಚಳಿಯಲ್ಲಿ ಅದು ಆಗುವ ಮಾತಲ್ಲ. ಎಣ್ಣೆ ಅಥವಾ ಪ್ರೊಪೇನ್ ಉರಿಸುವ ಮನೆಗಳಿಗೆ, ಕರೆಂಟ್ ಅಗ್ಗವಿರುವ ಕಡೆ ಈ ಲೆಕ್ಕ ಪೂರ್ತಿ ಉಲ್ಟಾ ಆಗುತ್ತದೆ. ಹಾಗಾಗಿ ಬೇರೆ ರಾಜ್ಯದಲ್ಲಿರುವ ಸ್ನೇಹಿತರು ಹಾಕಿಸಿ ಖುಷಿಯಾಗಿದ್ದಾರೆ ಅಂದರೆ ಅವರ ಬಿಲ್ ಕೇಳಿ.

ಮೂರನೆಯವರ 15 ಕಿಲೋವ್ಯಾಟ್ ಸ್ಟ್ರಿಪ್ ನನಗೆ ಇಷ್ಟವಾಗಲಿಲ್ಲ. ಅದೊಂದೇ 62 ಆಂಪಿಯರ್ ಎಳೆಯುತ್ತದೆ. ನಾಳೆ ಗ್ಯಾರೇಜಿನಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಬಂದರೆ ಪ್ಯಾನಲ್ ಬದಲಾಯಿಸುವ ಖರ್ಚು ಬೇರೆ. ಸಾಮಾನ್ಯ ಹೀಟ್ ಪಂಪ್ 47 ಡಿಗ್ರಿಯಲ್ಲಿ ಪೂರ್ತಿ ಶಾಖ ಕೊಟ್ಟರೂ 17 ಡಿಗ್ರಿಗೆ ಇಳಿಯುವಾಗ ಮೂರನೇ ಒಂದು ಪಾಲೋ ಇನ್ನೂ ಜಾಸ್ತಿಯೋ ಕಳೆದುಕೊಂಡಿರುತ್ತದೆ. ಆಗ ಸ್ಟ್ರಿಪ್ ಉರಿಯಲು ಶುರು. ಥರ್ಮೋಸ್ಟಾಟ್ ಸೆಟ್ಟಿಂಗ್ ತಪ್ಪಿದ್ದರೆ ನಲವತ್ತು ಡಿಗ್ರಿಯಲ್ಲೂ ಉರಿಯುತ್ತಿರುತ್ತದೆ, ನಿಮಗೆ ಗೊತ್ತಾಗುವುದು ಬಿಲ್ ಬಂದಾಗ. ಚಳಿ ಪ್ರದೇಶಕ್ಕೇ ಅಂತ ಮಾಡಿದ ಇನ್ವರ್ಟರ್ ಮಾದರಿಗಳು ಹೀಗೆ ಕೈಕೊಡುವುದಿಲ್ಲ. ಆದರೆ ಕೊಟೇಶನ್‌ನಲ್ಲಿ ಅಂಥದ್ದು ಬರೆದಿದ್ದಾರಾ ನೋಡಿ. 17 ಮತ್ತು 5 ಡಿಗ್ರಿಯಲ್ಲಿ ಎಷ್ಟು ಬಿಟಿಯು ಅಂತ ಲಿಖಿತವಾಗಿ ಕೊಡಲಿ. ಇನ್ನೊಂದು, ಹೀಟ್ ಪಂಪಿಗೆ ಸಿಗುತ್ತಿದ್ದ 2,000 ಡಾಲರ್‌ವರೆಗಿನ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. 21,000 ಅನ್ನುವುದು ಅದನ್ನು ಕಳೆದ ಮೇಲಿನ ಬೆಲೆಯಾ ಅಂತ ವಿಚಾರಿಸಿ.

ಅಪ್ಪ ಅಮ್ಮನ ವಿಷಯವೂ ಇದೆ. ಫರ್ನೆಸ್ ಗಾಳಿ 120 ಡಿಗ್ರಿ ಆಸುಪಾಸಿನಲ್ಲಿ ಬರುತ್ತದೆ, ಜಾಲರಿ ಮುಂದೆ ಕಾಲು ಚಾಚಿ ಕೂತರೆ ಹಿತ. ಹೀಟ್ ಪಂಪ್ ಗಾಳಿ 90ರಿಂದ 100. ಮನೆ ಬೆಚ್ಚಗಾಗುತ್ತದೆ, ಆದರೆ ಆ ಗಾಳಿ ಕೈಗೆ ತಾಗಿದರೆ ತಣ್ಣಗೇ ಅನ್ನಿಸುತ್ತದೆ. 'ಬರೀ ಫ್ಯಾನ್ ಹಾಕಿದಾನೆ, ಬಿಸಿನೇ ಬರಲ್ಲ' ಅಂತ ಅಮ್ಮ ಶಾಲು ಹೊದ್ದು ಕೂರುವುದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಥರ್ಮಾಮೀಟರ್ ತೋರಿಸಿ ವಾದ ಗೆಲ್ಲಬಹುದು, ಅಮ್ಮನನ್ನು ಗೆಲ್ಲಲಾಗದು.

ಹಾಗಂತ ಹೀಟ್ ಪಂಪ್ ಬೇಡವೇ ಬೇಡ ಅನ್ನುತ್ತಿಲ್ಲ. ಹೊರಗಿನ ಎಸಿ ಹೇಗೂ ಹೊಸದು ಬೇಕು. ಎಸಿಗೂ ಹೀಟ್ ಪಂಪಿಗೂ ಮುಖ್ಯವಾಗಿ ಎಸಿ ಗ್ಯಾಸಿನ ದಿಕ್ಕು ತಿರುಗಿಸುವ ಒಂದು ರಿವರ್ಸಿಂಗ್ ವಾಲ್ವ್, ಒಂದಿಷ್ಟು ಕಂಟ್ರೋಲ್, ಇಷ್ಟೇ ವ್ಯತ್ಯಾಸ. ಒಳಗೆ ಗ್ಯಾಸ್ ಫರ್ನೆಸ್, ಹೊರಗೆ ಎಸಿ ಬದಲು 3 ಟನ್ ಹೀಟ್ ಪಂಪ್. ಇದಕ್ಕೆ ಡ್ಯುಯಲ್ ಫ್ಯೂಯಲ್ ಅನ್ನುತ್ತಾರೆ. ನಾನಾಗಿದ್ದರೆ ಎರಡನೆಯವರಿಗೆ ಫೋನ್ ಮಾಡಿ ಇದರ ಬೆಲೆ ಕೇಳುತ್ತಿದ್ದೆ. ಎಸಿಗಿಂತ ಸಾವಿರ ಸಾವಿರದೈನೂರು ಡಾಲರ್ ಜಾಸ್ತಿ ಆಗುವುದಾದರೆ ತೆಗೆದುಕೊಳ್ಳಿ. ಮುಂದೆ ಸೋಲಾರ್ ಹಾಕಿಸಿದರೆ ಅಕ್ಟೋಬರ್, ಏಪ್ರಿಲ್‌ನ ಸಣ್ಣ ಚಳಿಗೆ ಗ್ಯಾಸೇ ಬೇಡ. ಇನ್ನೂ ದೊಡ್ಡ ಲಾಭ ಅಂದರೆ, ಜನವರಿಯ ನಡುರಾತ್ರಿ ಫರ್ನೆಸ್‌ನ ಬರ್ನರ್ ಕೆಟ್ಟರೂ ಮನೆ ಪೂರ್ತಿ ತಣ್ಣಗಾಗುವುದಿಲ್ಲ. ವಯಸ್ಸಾದವರಿರುವ ಮನೆಗೆ ಇದಕ್ಕೆ ನಾನು ದುಡ್ಡು ಕೊಡುತ್ತೇನೆ. ನಾಲ್ಕು ಸಾವಿರ ಜಾಸ್ತಿ ಅಂದರೆ ಬೇಡ, ಎಸಿಯೇ ಸಾಕು. ಆ ದುಡ್ಡನ್ನು ಅಟಿಕ್‌ಗೆ ಹಾಕಿ.

96 ಪರ್ಸೆಂಟಿನ ಫರ್ನೆಸ್‌ಗೆ ಹೋಗುವಾಗ ಒಂದು ಅಪಾಯ ಇದೆ, ಕೊಟೇಶನ್‌ಗಳಲ್ಲಿ ಬಿಟ್ಟುಹೋಗುವುದೇ ಇದು. ಈಗ ನಿಮ್ಮ ಫರ್ನೆಸ್, ಗ್ಯಾಸ್ ವಾಟರ್ ಹೀಟರ್ ಎರಡರ ಹೊಗೆಯೂ ಬಹುಶಃ ಒಂದೇ ಚಿಮಣಿಗೆ ಹೋಗುತ್ತಿರುತ್ತದೆ. ಹೊಸ ಫರ್ನೆಸ್‌ನ ಹೊಗೆ ತಣ್ಣಗಿರುತ್ತದೆ, ಬಿಳಿ ಪಿವಿಸಿ ಪೈಪಿನಲ್ಲಿ ಗೋಡೆಯಿಂದ ಹೊರಗೆ ಹೋಗುತ್ತದೆ. ದೊಡ್ಡ ಚಿಮಣಿಯಲ್ಲಿ ವಾಟರ್ ಹೀಟರ್ ಒಂದೇ ಉಳಿಯುತ್ತದೆ. ಅದರ ಸಣ್ಣ ಹೊಗೆಗೆ ಅಷ್ಟು ದೊಡ್ಡ ಚಿಮಣಿಯನ್ನು ಕಾಯಿಸಿ ಮೇಲೇರುವ ಶಕ್ತಿ ಇಲ್ಲ. ಒಳಗೇ ನೀರಾಗಿ ಇಟ್ಟಿಗೆ ಕೊರೆಯುತ್ತದೆ, ಇಲ್ಲವೇ ಬೇಸ್‌ಮೆಂಟಿಗೇ ವಾಪಸ್ಸು ಬರುತ್ತದೆ. ಬಂದರೆ ಕಾರ್ಬನ್ ಮೋನಾಕ್ಸೈಡ್. ವಾಸನೆ ಇಲ್ಲ, ಘಾಟಿಲ್ಲ. 'ಚಿಮಣಿಯೊಳಗೆ ಹಾಕುವ ಸಣ್ಣ ಕೊಳವೆ, ಲೈನರ್, ಸೇರಿದೆಯಾ, ಇಲ್ಲ ವಾಟರ್ ಹೀಟರೂ ಬದಲಾಗುತ್ತಾ' ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ನೋಡಿ. ನಿಮ್ಮ ಈಗಿನ ಫರ್ನೆಸ್‌ಗೂ ಮೂವತ್ತು ದಾಟಿದೆ. ಬ್ಲೋವರ್ ಶುರುವಾದ ಕೂಡಲೇ ಒಳಗಿನ ನೀಲಿ ಉರಿ ಓಲಾಡಿದರೆ, ಹಳದಿಯಾದರೆ, ಹೊಗೆಯನ್ನೂ ಮನೆಯ ಗಾಳಿಯನ್ನೂ ಬೇರೆ ಬೇರೆ ಇಡುವ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿರಬಹುದು. ಆಗ ಕಾಯಬೇಡಿ, ಆರಿಸಿ ಜನ ಕರೆಸಿ. ಮಲಗುವ ಕೋಣೆಗಳ ಹತ್ತಿರ, ಪ್ರತಿ ಅಂತಸ್ತಿಗೂ ಸಿಒ (ಕಾರ್ಬನ್ ಮೋನಾಕ್ಸೈಡ್) ಅಲಾರಂ ಇದೆಯಾ ಅಂತ ಇವತ್ತೇ ನೋಡಿ.

ಎಸಿ ಗ್ಯಾಸಿನ ವಿಷಯ ಚಿಕ್ಕದು. 2003ರ ನಿಮ್ಮ ಯಂತ್ರದಲ್ಲಿರುವುದು ಬಹುಮಟ್ಟಿಗೆ ಆರ್-22. 2020ರಿಂದ ಅಮೆರಿಕದಲ್ಲಿ ಅದನ್ನು ಹೊಸದಾಗಿ ತಯಾರಿಸುವ ಹಾಗಿಲ್ಲ, ತರಿಸುವ ಹಾಗಿಲ್ಲ. ಹಳೇ ದಾಸ್ತಾನು, ವಾಪಸ್ಸು ಹಿಡಿದದ್ದು ಮಾತ್ರ ಸಿಗುತ್ತದೆ. ತೂತಿರುವ ಕಾಯಿಲ್‌ಗೆ ಅದನ್ನು ತುಂಬಿಸುವುದು ಗೋಣಿಚೀಲದಲ್ಲಿ ನೀರು ಹೊತ್ತ ಹಾಗೆ. ಆಮೇಲೆ ಬಂದ ಆರ್-410ಎ ಕೂಡ ಹೋಯಿತು, 2025ರ ಜನವರಿ 1ರಿಂದ ಹೊಸ ಮನೆ ಯಂತ್ರಗಳನ್ನು ಅದರಲ್ಲಿ ತಯಾರಿಸುವಂತಿಲ್ಲ. ಈಗಿರುವುದು ಆರ್-32, ಆರ್-454ಬಿ. ಇವು ಸ್ವಲ್ಪ ಹೊತ್ತಿಕೊಳ್ಳುವ ಗುಣದವು ಅಂತ ಕೇಳಿ ಕೆಲವರು ಹೆದರುತ್ತಾರೆ. ನೀವು ದಿನಾ ಒಗ್ಗರಣೆ ಹಾಕುವ ಒಲೆಯ ಗ್ಯಾಸಿನ ಮುಂದೆ ಇದು ಏನೂ ಅಲ್ಲ. ಆದರೆ ಹಾಕುವವರು ಇದಕ್ಕೆ ತರಬೇತಿ ಪಡೆದಿರಬೇಕು. ಹಳೇ ತಾಮ್ರದ ಪೈಪನ್ನೇ ಉಳಿಸಿಕೊಳ್ಳುವುದಾದರೆ ಒಳಗಿನ ಹಳೇ ಎಣ್ಣೆ ತೊಳೆಯಬೇಕು. ಗೋಡೆ ಒಡೆಯದೆ ಆಗುವುದಾದರೆ ಹೊಸ ಪೈಪೇ ವಾಸಿ. ಕೊನೆಗೆ ಪೈಪಿನೊಳಗಿನ ಗಾಳಿ, ತೇವ ಎಳೆದು ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ನಿಲ್ಲುತ್ತದಾ ನೋಡಬೇಕು. ಮೀಟರಿನ ಫೋಟೋ ಕೇಳಿ. ಕೆಲಸ ಬಲ್ಲವರು ಖುಷಿಯಿಂದ ತೋರಿಸುತ್ತಾರೆ.

ಬ್ರ್ಯಾಂಡ್ ಕೇಳಿದ್ದೀರಿ. ಕೆಲವು ಹೆಸರುಗಳು ಒಂದೇ ಕಂಪನಿಯವು, ಡಬ್ಬದ ಬಣ್ಣ ಬೇರೆ. ಹತ್ತಿರದಲ್ಲಿ ಬಿಡಿಭಾಗ ಸಿಗುವ, ನಿಮ್ಮ ಹಾಕುವವರು ವರ್ಷಗಟ್ಟಲೆ ಬಳಸಿ ಬಲ್ಲ ಬ್ರ್ಯಾಂಡ್ ತೆಗೆದುಕೊಳ್ಳಿ. ಹೊರಗಿನ ಯಂತ್ರ, ಒಳಗಿನ ಕಾಯಿಲ್, ಫರ್ನೆಸ್ ಮೂರೂ ಜೋಡಿಯಾಗಿ ಪರೀಕ್ಷೆಯಾಗಿವೆ ಅನ್ನುವುದಕ್ಕೆ ಎಎಚ್‌ಆರ್‌ಐ (ಈ ಯಂತ್ರಗಳ ತಯಾರಕರ ಸಂಘ) ನಂಬರ್ ಇರುತ್ತದೆ, ಕೊಟೇಶನ್‌ನಲ್ಲಿ ಬರೆಸಿ. ನ್ಯೂಜೆರ್ಸಿಯಲ್ಲಿ ಈ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಬೇಕು, ಟೌನ್‌ಶಿಪ್‌ನ ಪರ್ಮಿಟ್ ಬೇಕು. 'ಪರ್ಮಿಟ್ ಇಲ್ಲದೆ ಐನೂರು ಕಡಿಮೆ ಮಾಡಿಕೊಡ್ತೀನಿ' ಅಂತ ನಮ್ಮವರೇ ಹೇಳಿದರೂ ಒಪ್ಪಬೇಡಿ. ಮನೆ ಮಾರುವಾಗ ತಲೆನೋವು. ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರು ಬಂದು ಗ್ಯಾಸ್ ಪೈಪ್ ನೋಡಿ ಹೋಗುವುದು ನಿಮ್ಮ ಒಳ್ಳೆಯದಕ್ಕೇ.

ಈಗಲೇ ಅವಸರ ಬೇಡ. ಎಸಿ ಮೇ ಕೊನೆಯವರೆಗೆ ಬೇಕಾಗುವುದಿಲ್ಲ. ಆದರೆ ಜೂನ್‌ವರೆಗೆ ತಳ್ಳಬೇಡಿ, ಆಗ ಕೆಲಸದವರು ಕೈಗೆ ಸಿಗುವುದಿಲ್ಲ, ಸಿಕ್ಕರೂ ಅಳೆಯುವ ತಾಳ್ಮೆ ಇರುವುದಿಲ್ಲ. ಇನ್ನೂ ಒಂದೆರಡು ಚಳಿ ರಾತ್ರಿ ಇವೆ. ಹೊರಗೆ 30 ಡಿಗ್ರಿ ಇರುವ ರಾತ್ರಿ, ಊಟ ಆದ ಮೇಲೆ, ಫೋನಿನ ಟೈಮರ್ ಹಿಡಿದು ಬೇಸ್‌ಮೆಂಟಿನಲ್ಲಿ ಒಂದು ಗಂಟೆ ಕೂರಿ. ಬೇಕಿದ್ದರೆ ಅಪ್ಪನನ್ನೂ ಕರೆದುಕೊಳ್ಳಿ, ಮಾತಾಡುತ್ತಾ ಹೊತ್ತು ಹೋಗುತ್ತದೆ. ಬರ್ನರ್ ಹತ್ತಿದ್ದು, ಆರಿದ್ದು ಬರೆದುಕೊಳ್ಳಿ. ಮೇಲಿನ ಲೆಕ್ಕ ಸರಿಯಿದ್ದರೆ ಎಲ್ಲ ಸೇರಿ 17 ನಿಮಿಷದ ಆಸುಪಾಸು ಉರಿಯಬೇಕು. ಮೂವತ್ತು ನಿಮಿಷ ಉರಿದರೆ ನಾನು ಎಲ್ಲೋ ತಪ್ಪಿದ್ದೇನೆ, ಫಿಲ್ಟರ್ ಅಳತೆಯ ಜೊತೆ ಆ ಚೀಟಿಯ ಫೋಟೋನೂ ಕಳಿಸಿ, ಮತ್ತೆ ಲೆಕ್ಕ ಹಾಕೋಣ.